ಉದ್ದನೆ ಆಡು, ಗಿಡ್ಡನೆ ಆಡು

ಚೇಳೂರು
9-6-2024, ಭಾನುವಾರ

ಮಗಾ ಭೂಮಿಕಾ,

ನಿನ್ನ ಕಾಗದ ಕೈ ಸೇರಿತು. ಪೋಸ್ಟಿನ ಮೂಡಲಗಿರಿಯಪ್ಪ ಜಗಲಿ ಮೇಲೆ ಕೂತು, "ಗಂಗಮ್ನೋರೇ, ಊರಿಗೆಲ್ಲ ಬ್ಯಾಂಕಿನ ನೋಟೀಸು ಹಂಚ್ತೀನಿ, ಕೈಯಲ್ಲಿ ಬರೆದ ಕಾಗದ ಬರೋದು ನಿಮಗೊಬ್ರಿಗೇ" ಅಂದ. ನನ್ನ ಕಿವಿ ಸಂಕಟ ಅವನಿಗೇನು ಗೊತ್ತು? ಫೋನು ಇಟ್ಕೊಂಡ್ರೆ ನಿಮ್ಮ ಮಾತೆಲ್ಲ ಡಬ್ಬದಲ್ಲಿ ಕಲ್ಲು ಕುಲುಕಿದಂಗೆ ಕೇಳ್ತದೆ. ನಿಮ್ಮಪ್ಪ ಅನಂತರಾಜು ಪಕ್ಕದಲ್ಲಿ ನಿಂತು, ನೀನು ಹತ್ತು ನಿಮಿಷ ಮಾತಾಡಿದ್ದನ್ನ "ಚೆನ್ನಾಗಿದ್ದಾಳಂತೆ" ಅಂತ ಒಂದೇ ಮಾತಲ್ಲಿ ಮುಗಿಸ್ತಾನೆ. ಕಾಗದವೇ ವಾಸಿ. ಮೂರನೇ ಕ್ಲಾಸಿನವರೆಗೆ ಓದಿದ್ದು ಇದಕ್ಕಾದರೂ ಬರಲಿ.

ನೀನು ಅಂತರಸನಹಳ್ಳಿಯ ಆ ಬುಗುರಿ ಕಂಪನಿ ಸೇರಿ ಎರಡು ವರ್ಷ ಆಯ್ತು. ಬುಗುರಿ ಅಂತ ಹೆಸರಿಟ್ಕೊಂಡು ಗೇಮಿನ ಡಬ್ಬಿ ಮಾಡ್ತೀರಿ, ಒಂದು ಬುಗುರೀನೂ ಮಾಡಲ್ಲ. ಇರಲಿ. ಅಂಗೈಯಷ್ಟು ಡಬ್ಬಿ, ಅದರೊಳಗೆ ನಮ್ಮ ಕಡೆ ಆಟ ಹಾಕಿ ದೀಪಾವಳಿ ಅಬ್ಬಕ್ಕೆ ಅಂಗಡಿಗೆ ಕಳಿಸಬೇಕು, ಉಲಿ-ಕುರಿ ಆಟ ಬರೆದುಕೊಡು ಅಂದಿದ್ದೀಯ. ಚಿಕ್ಕೋಳಿದ್ದಾಗ ಈ ಜಗಲಿ ಮೇಲೇ ಆಡಿ ಸೋತು ಕಾಳೆಲ್ಲ ಚೆಲ್ಲಾಡಿ ಓಡ್ತಿದ್ದೆ. ಈಗ ಅದರಿಂದಲೇ ಸಂಬಳ ಬರಂಗಾಯ್ತು ನೋಡು.

ಕೇಳು. ಮೂರು ಉಲಿ, ಹದಿನೈದು ಕುರಿ. ಉಲಿಗೆ ಉಣಸೆ ಬೀಜ, ಕುರಿಗೆ ಜೋಳದ ಕಾಳು. ಉಲಿ ಕುರೀನ ಹಾರಿ ತಿನ್ನಬೇಕು, ಕುರಿಗಳೆಲ್ಲ ಸೇರಿ ಉಲಿ ಅಲ್ಲಾಡದಂಗೆ ಕಟ್ಟಬೇಕು. ಇಷ್ಟು ಊರಿಗೆಲ್ಲ ಗೊತ್ತು. ನಮ್ಮ ಮನೆ ಆಟದಲ್ಲಿ ಇನ್ನೊಂದು ಐತೆ, ಅದು ನನ್ನ ತವರು ಬೆಳ್ಳಾವಿ ಕಡೆಯಿಂದ ಬಂದದ್ದು. ಆಡು. ಅದು ಕುರಿ ಕಡೆಯೋರ ಕೈಲಿರ್ತದೆ. ಆಡು ಮುಗಿಯೋದ್ರೊಳಗೆ ಉಲಿ ನಡೀಬೇಕು. ಮುಗಿದರೂ ನಡೀಲಿಲ್ಲ ಅಂದ್ರೆ ಒಂದು ಉಲಿ ಸತ್ತಂಗೆ. ಆಡು ಉದ್ದ ಇದ್ರೆ ಉಲಿಗೆ ಸುಖ, ಗಿಡ್ಡ ಇದ್ರೆ ಕಷ್ಟ. ನಮ್ಮವ್ವಂಗೆ ನನ್ನ ಮೇಲೆ ಪ್ರೀತಿ ಬಂದ ದಿನ ಉದ್ದಂದು ತೆಗೆಯೋಳು, ಕೋಪ ಬಂದ ದಿನ ಗಿಡ್ಡಂದು. ನಿಮ್ಮ ಜೊತೆ ಆಡುವಾಗ ನಾನು ಆಡು ತರಲೇ ಇಲ್ಲ, ನಿಮ್ಮ ತಾತ ಹೋದಮೇಲೆ ಮನಸ್ಸಾಗಲಿಲ್ಲ. ಈಗ ನೀನು ಕೇಳಿದ್ದಕ್ಕೆ ಹೇಳಿದ್ದೀನಿ.

ಹೊತ್ತಿಗೆ ಸರಿಯಾಗಿ ತಿನ್ನು. ಡಬ್ಬಿ ನೋಡಿ ನೋಡಿ ಕಣ್ಣು ಕಳ್ಕೋಬೇಡ.

ಕಿವಿ ಕಳ್ಕೊಂಡಿರೋ ನಿನ್ನ ಅಜ್ಜಿ,
ಚಿಕ್ಕಗಂಗಮ್ಮ


ಚೇಳೂರು
23-6-2024, ಭಾನುವಾರ

ಚೈತನ್ಯ,

ಏನ್ಲಾ, ಕುಣಿಗಲ್ಲಿಂದ ಚೇಳೂರಿಗೆ ಕಾಗದ ಬರೆಯೋಕೆ ನಿನಗೆ ಕೈ ಬಂತಾ? ಆರು ತಿಂಗಳಿಂದ ಸುದ್ದಿಯಿಲ್ಲ. ಈಗ ಉಲಿ-ಕುರಿ ಆಟ ಬೇಕಾಗಿ ಅಜ್ಜಿ ನೆನಪಾದಳು. ನಿಮ್ಮಪ್ಪ ನಾಗೇಶನೂ ಇಂಗೇ, ಕೆಲಸ ಇದ್ರೆ ಮಾತ್ರ ಅವ್ವ ಅನ್ನೋನು.

ನಿಮ್ಮ ಗಿಲ್ಲಿ ಕಂಪನಿಯೋರೂ ಗೇಮಿನ ಡಬ್ಬಿಯೇ ಮಾಡೋದಂತೆ. ಅಲ್ಲಿ ಬುಗುರಿ, ಇಲ್ಲಿ ಗಿಲ್ಲಿ. ನನ್ನ ಇಬ್ರು ಮಕ್ಕಳ ಮಕ್ಕಳು, ಅಣ್ಣ ತಂಗಿ ಇಬ್ರೂ ಒಂದೇ ಕಸುಬು ಹಿಡಿದಿರಿ, ಒಳ್ಳೇದಾಯ್ತು. ಭೂಮಿಕಾಗೆ ಬರೆಯೋಕೆ ಮುಂಚೆ ಒಂದು ಚಿತ್ತು ಕಾಗದದಲ್ಲಿ ಬರ್ಕೊಂಡಿದ್ದೆ. ಅದನ್ನೇ ಇಟ್ಕೊಂಡು ಅಕ್ಷರ ಅಕ್ಷರ ನಿನಗೂ ಇಳಿಸಿ, ಈ ಕಾಗದದ ಹಿಂದೆ ಇಟ್ಟಿದ್ದೀನಿ. ಅವಳಿಗೊಂದು ನಿನಗೊಂದು ಮಾಡೋಳಲ್ಲ ನಾನು.

"ಭೂಮಿಗೆ ಹೇಳಬೇಡ" ಅಂತ ಕೊನೇಲಿ ಬರೆದಿದ್ದೀಯ. ಯಾಕ್ಲಾ? ಮಾವಿನಕಾಯಿ ಕದ್ದು ತಿಂದು "ಭೂಮಿಗೆ ಹೇಳಬೇಡ" ಅಂತಿದ್ದೆ, ಆವಾಗ ಸರಿ. ಈಗ ಇಪ್ಪತ್ತೇಳು ವರ್ಷ. ಆಯ್ತು ಬುಡು, ಹೇಳಲ್ಲ.

ಅಜ್ಜಿ ಚಿಕ್ಕಗಂಗಮ್ಮ,
ಕೆಲಸ ಇಲ್ಲದಿದ್ರೂ ಒಂದು ಸಲ ಬಾ


ತುಮಕೂರು
25-8-2024

ಪ್ರೀತಿಯ ಅಜ್ಜಿ,

ಎರಡು ತಿಂಗಳು ಬರೆಯೋಕಾಗಲಿಲ್ಲ, ಬೈಬೇಡ. ಬೆಳಿಗ್ಗೆ ಎಂಟಕ್ಕೆ ಹೋದರೆ ಪಿ.ಜಿ.ಗೆ ವಾಪಸ್ ಬರೋಷ್ಟರಲ್ಲಿ ಊಟ ತಣ್ಣಗಾಗಿರುತ್ತೆ.

ನಿನ್ನ ಕಾಗದವನ್ನ ಇಡೀ ಆಫೀಸು ಓದಿತು. ಮೊದಲು ಎಲ್ಲರೂ ನಕ್ಕರು. ನಿನ್ನ ಹುಲಿಗೆ ತಲೆಯೇ ಇಲ್ವಲ್ಲ ಅಜ್ಜಿ, ಎಲ್ಲಾ ಕಡೆ ಉಲಿ! ಹಬ್ಬ ಅಬ್ಬ ಆಗಿದೆ, ಹುಣಸೆ ಉಣಸೆ ಆಗಿದೆ. ನಿನ್ನ "ಹ" ಯಾವ ಹಳ್ಳಕ್ಕೆ ಬಿತ್ತು? ಆಮೇಲೆ ಆಟವನ್ನ ಮತ್ತೆ ಮತ್ತೆ ಓದಿದರು. ನಿನ್ನ ಆಡು ಎಲ್ಲರಿಗೂ ಹುಚ್ಚು ಹಿಡಿಸಿದೆ. ಉದ್ದಂದೂ ಹಾಕಿದೀವಿ, ಗಿಡ್ಡಂದೂ ಹಾಕಿದೀವಿ. ನಮ್ಮ ಓನರ್ ಅಂಜನ್‌ಕುಮಾರ್ ಸರ್ ಅಂತೂ, "ಹುಲಿ-ಕುರಿ ಯಾರು ಬೇಕಾದ್ರೂ ಮಾಡಬಹುದು, ಆದರೆ ಈ ಆಡು ಪ್ರಪಂಚದಲ್ಲಿ ನಮ್ಮೊಬ್ಬರ ಹತ್ತಿರವೇ ಇರೋದು" ಅಂತ ಎಲ್ಲರ ಮುಂದೆ ನನಗೆ ಶೇಕ್‌ಹ್ಯಾಂಡ್ ಕೊಟ್ಟರು. ದೀಪಾವಳಿವರೆಗೂ ಹೊರಗೆ ಬಾಯಿ ಬಿಡಬಾರದು ಅಂತ ಸೈನ್ ಹಾಕಿಸಿಕೊಂಡಿದಾರೆ.

ಇಲ್ಲಿ ಒಂಥರಾ ಯುದ್ಧ ನಡೀತಿದೆ ಅಜ್ಜಿ. ಕುಣಿಗಲ್ಲಿನ ಗಿಲ್ಲಿಯವರು ಬ್ಯಾಟರಿ ಹತ್ತು ಗಂಟೆ ಅಂದರೆ ನಾವು ಹನ್ನೆರಡು. ನಾವು ಸ್ಕ್ರೀನ್ ದೊಡ್ಡದು ಮಾಡಿದರೆ ಅವರು ಡಬ್ಬಿ ಹಗುರ ಮಾಡ್ತಾರೆ. ಮಂಡಿಪೇಟೆ ಅಂಗಡಿಯಲ್ಲಿ ಮುಂದಿನ ಸಾಲಿನಲ್ಲಿ ಯಾರ ಡಬ್ಬಿ ಇಡಬೇಕು ಅಂತ ಇಬ್ಬರ ಸೇಲ್ಸ್‌ನವರೂ ಕೈ ಕೈ ಮಿಲಾಯಿಸಿದ್ರಂತೆ. ಚೈತನ್ಯಣ್ಣ ಗಿಲ್ಲಿಯಲ್ಲಿ ಇದ್ದಾನೆ ಅಂತ ನಾನು ಇಲ್ಲಿ ಯಾರಿಗೂ ಹೇಳಿಲ್ಲ. ನಾವಿಬ್ಬರೂ ಫೋನಲ್ಲಿ ಕೆಲಸದ ಮಾತು ಎತ್ತಲ್ಲ. ಎತ್ತದೆ ಎತ್ತದೆ ಈಗ ಮಾತಾಡೋಕೆ ಏನೂ ಉಳಿದಿಲ್ಲ ಅನ್ನಿಸುತ್ತೆ.

ನಿನ್ನ ಮುದ್ದು ಮೊಮ್ಮಗಳು,
ಭೂಮಿಕಾ


ಚೇಳೂರು
8-9-2024, ಭಾನುವಾರ

ಮಗಾ ಭೂಮಿಕಾ,

ನಿನ್ನೆ ಗಣೇಶನ ಅಬ್ಬಕ್ಕೂ ಬರಲಿಲ್ಲ. ಕಡುಬು ಎತ್ತಿಟ್ಟಿದ್ದೆ, ನಿಮ್ಮಪ್ಪ ತಿಂದ.

ನನ್ನ "ಹ" ಆಡ್ಕೊಂಡು ನಗೋದು ಇರಲಿ. ಆವಾಗ ಮೇಷ್ಟ್ರು ಬೆತ್ತ ಇಟ್ಕೊಂಡು "ಹಾ ಅನ್ನೇ, ಹೂ ಅನ್ನೇ" ಅಂತ ಬಡಿದು ಬಡಿದು ಹೋಗು, ಹೇಳು, ಹಾಕು, ಹತ್ತು, ಹೆಸರು ಇಂಥ ಒಂದಷ್ಟು ಕಲಿಸಿದರು. ಮಿಕ್ಕಿದ್ದು ಕಲಿಸೋ ಹೊತ್ತಿಗೆ ನಮ್ಮಪ್ಪ ನನ್ನ ಕುರಿ ಹಿಂದೆ ಕಳಿಸಿದ.

ನನ್ನ ಆಡು ಎಲ್ಲರಿಗೂ ಇಡಿಸಿತು ಅಂತ ಓದಿ ಎದೆ ತುಂಬಿತು ಕಣೇ. ಉದ್ದಂದು ಯಾವುದು ಇಟ್ರಿ? ಗಂಟಲು ಯಾರದು? ಗಂಡಸಿನ ಗಂಟಲು ಇಡಬೇಡಿ ಅಂತ ನಿಮ್ಮ ಸಾಹೇಬರಿಗೆ ಹೇಳು, ಅದಕ್ಕೆ ಹೆಂಗಸಿನ ಗಂಟಲೇ ಆಗಬೇಕು. ನನಗಂತೂ ಕೇಳಲ್ಲ, ಕೇಳೋರಿಗಾದರೂ ಇಂಪಾಗಿರಲಿ.

ನೀನು ಯುದ್ಧ ಅಂದದ್ದು ನನಗೆ ಬಸ್ಸಿನಂಗೆ ಕಾಣ್ತು. ನಿನಗೆ ನೆನಪಿರಲ್ಲ, ನೀನಿನ್ನೂ ತೊಟ್ಟಿಲಲ್ಲಿದ್ದೆ. ಚೇಳೂರಿಂದ ಗುಬ್ಬಿಗೆ ಚೌಡಪ್ಪನದೊಂದು ಬಸ್ಸು, ಲಕ್ಷ್ಮೀನರಸಿಂಹಯ್ಯನದೊಂದು ಬಸ್ಸು. ಚೌಡಪ್ಪ ಎಂಟು ಗಂಟೆಗೆ ಬಿಟ್ರೆ ಲಕ್ಷ್ಮೀನರಸಿಂಹಯ್ಯ ಏಳು ಮುಕ್ಕಾಲಿಗೆ ಬಿಟ್ಟ. ಇವನು ಏಳೂವರೆ ಮಾಡಿದ, ಅವನು ಏಳೂಕಾಲು. ಒಬ್ಬನು ಟೇಪು ಹಾಕ್ಸಿದ, ಇನ್ನೊಬ್ಬ ಟೀವಿ ಹಾಕ್ಸಿದ. ಕೊನೆಗೆ ಎರಡೂ ಬಸ್ಸು ಆರು ಗಂಟೆಗೇ ಬುಸ್ ಅಂತ ಒಂದರ ಹಿಂದೆ ಒಂದು ಹೋಗಿಬಿಡೋವು. ಎಂಟು ಗಂಟೆಗೆ ಇಸ್ಕೂಲಿಗೆ ಹೋಗೋ ಮಕ್ಕಳು ಗುಬ್ಬಿಗೆ ನಡ್ಕೊಂಡೋ, ತೆಂಗಿನಕಾಯಿ ಲಾರಿ ಅತ್ಕೊಂಡೋ ಹೋಗಬೇಕಾಯ್ತು. ಇಬ್ರೂ ಒಬ್ಬರನ್ನೊಬ್ಬರು ನೋಡ್ಕೊಂಡೇ ಓಡಿಸಿದರು. ದಾರೀಲಿ ಕೈ ಅಡ್ಡ ಹಾಕಿ ನಿಂತೋರನ್ನ ಯಾರೂ ನೋಡಲಿಲ್ಲ.

ನಿಮ್ಮ ಡಬ್ಬಿ ಆಡೋ ಮಗು ಏನು ಕೇಳ್ತದೆ ಅಂತ ಯಾರಾದರೂ ಕೇಳಿದ್ರಾ? ನಿನ್ನ ಅಣ್ಣನ ಜೊತೆ ಕೆಲಸದ ಮಾತು ಬ್ಯಾಡ ಅಂದ್ರೆ ಸಾರಿನ ಮಾತಾದ್ರೂ ಆಡು. ಬಾಯಿ ಬೀಗ ತುಕ್ಕು ಹಿಡಿದರೆ ಆಮೇಲೆ ಕೀಲಿ ತಿರುಗಲ್ಲ.

ಕಡುಬು ಮಾಡಿ ಕಾದ,
ಅಜ್ಜಿ


ಚೇಳೂರು
10-11-2024, ಭಾನುವಾರ

ಭೂಮಿಕಾ,

ಎರಡು ಕಾಗದ ಹಾಕಿದೆ, ಜವಾಬಿಲ್ಲ. ದೀಪಾವಳಿಗೂ ಬರಲಿಲ್ಲ. ನಿಮ್ಮಪ್ಪನ್ನ ಕೇಳಿದರೆ "ರಜಾ ಹಾಕಿದಾಳಂತೆ" ಅಂತಾನೆ. ರಜಾ ಹಾಕಿದೋಳು ಮನೆಗೆ ಯಾಕೆ ಬರಲಿಲ್ಲ ಅಂದ್ರೆ ತೋಟದ ಕಡೆ ಹೋಗ್ತಾನೆ.

ಚೈತನ್ಯ ಬಂದಿದ್ದ. ಒಂದು ಗಳಿಗೆ ಕೂತ, ಒಂದು ಡಬ್ಬಿ ಕೊಟ್ಟ, "ನಿನ್ನ ಆಟ ಅಜ್ಜಿ" ಅಂದ. ನಾನು ಕನ್ನಡಕ ಒರೆಸಿಕೊಂಡು ನೋಡ್ತೀನಿ, ಉಲಿ ಐತೆ, ಕುರಿ ಐತೆ, ಪಕ್ಕದಲ್ಲಿ ಒಂದು ಮೇಕೆ ನಿಂತು ಸೊಪ್ಪು ತಿಂತಾ ಐತೆ! ನಾಯಿಕೊಡೆಯಂಗೆ ಗಿಡ್ಡಂದೊಂದು, ರೈಲಿನಂಗೆ ಉದ್ದಂದೊಂದು. "ಇದೇನ್ಲಾ ಈ ಮೇಕೆ?" ಅಂದೆ. ನನ್ನ ಕಿವಿ ಹತ್ರ ಬಂದು ಕೂಗಿದ, "ನೀನೇ ಬರೆದಿದ್ಯಲ್ಲಜ್ಜಿ, ಆಡು! ಉದ್ದ ಆಡು, ಗಿಡ್ಡ ಆಡು. ಸೊಪ್ಪು ತಿಂದು ಮುಗಿಸೋದ್ರೊಳಗೆ ಹುಲಿ ನಡೀಬೇಕು."

"ಅಯ್ಯೋ ಮುಟ್ಠಾಳ, ಬ್ಯಾ ಅನ್ನೋ ಆಡಲ್ಲ ಕಣೋ, ಬಾಯಲ್ಲಿ ಹೇಳೋ ಆಡು, ಸೋಬಾನೆ ಆಡು, ಬೀಸೋವಾಗ ಹೇಳೋ ಆಡು!" ಅಂದೆ. ಕುರಿ ಕಡೆಯೋರು ಹೇಳಬೇಕು. ಹೇಳಿ ಮುಗಿಸೋದ್ರೊಳಗೆ ಉಲಿ ಕಡೆಯೋರು ಕಾಯಿ ನಡೆಸಬೇಕು. ಅದಕ್ಕೆ ತಾನೇ ಉದ್ದ ಇದ್ರೆ ಸುಖ? ಅವನಿಗೆ ಅರ್ಥವಾಗೋ ಹೊತ್ತಿಗೆ ನಾನು ನಕ್ಕು ನಕ್ಕು ಪಕ್ಕೆ ಇಡ್ಕೊಂಡೆ. ಅವನು ನಗಲಿಲ್ಲ. ಮುಖ ಬೆಳ್ಳಗೆ ಮಾಡ್ಕೊಂಡು ಕಾಪಿ ಕೂಡ ಕುಡೀದೆ ಹೋದ.

ಈಗ ನನಗೆ ಅನುಮಾನ. ನಿಮ್ಮ ಡಬ್ಬೀಲೂ ಮೇಕೆಯೇ ಐತಾ?

ಅಜ್ಜಿ


ತುಮಕೂರು
15-11-2024

ಅಜ್ಜಿ,

ಐತೆ. ನಮ್ಮ ಡಬ್ಬಿಯಲ್ಲೂ ಮೇಕೆಯೇ. ನಮ್ಮದು ಸೊಪ್ಪು ತಿನ್ನಲ್ಲ, ಸ್ಕ್ರೀನಿನ ಆ ಕಡೆಯಿಂದ ಈ ಕಡೆ ದಾಟುತ್ತೆ. ಉದ್ದಂದು ದಾಟೋಕೆ ಹೊತ್ತು ಹಿಡಿಯುತ್ತೆ. ಹುಲಿಗೆ "ಹ" ಸೇರಿಸಿಕೊಂಡ್ವಿ, ಹಬ್ಬಕ್ಕೆ ಸೇರಿಸಿಕೊಂಡ್ವಿ. ಆಡು ಮಾತ್ರ ಇದ್ದ ಹಾಗೇ ಸರಿಯಾಗಿ ಕಾಣ್ತು. ಕುರಿ ಪಕ್ಕ ಆಡು ಬಂದರೆ ಯಾರಿಗೆ ಅನುಮಾನ ಬರುತ್ತೆ? ಗಂಟಲು ಯಾರದು ಅಂತ ನೀನು ಕೇಳಿದಾಗಲೂ ಮೇಕೆ ಕೂಗೋ ಸದ್ದು ಅಂತಲೇ ಅಂದ್ಕೊಂಡೆ.

ಒಂದೇ ವಾರದಲ್ಲಿ ಎರಡು ಡಬ್ಬಿಯೂ ಅಂಗಡಿಗೆ ಬಂತು. ಮೂವತ್ತು ಜನ ಕೂತಿದ್ದ ಮೀಟಿಂಗಲ್ಲಿ ಸರ್ ಎರಡನ್ನೂ ಪಕ್ಕಪಕ್ಕ ಇಟ್ಟು ಆನ್ ಮಾಡಿದರು. "ಹುಲಿ ಎಲ್ಲರದ್ದು, ಕುರಿ ಎಲ್ಲರದ್ದು. ಈ ಉದ್ದನೆ ಆಡು ಕುಣಿಗಲ್ಲಿಗೆ ಹೇಗೆ ನಡ್ಕೊಂಡು ಹೋಯ್ತು?" ಅಂದರು. ಯಾರೋ ಫೇಸ್‌ಬುಕ್ಕಲ್ಲಿ ನಾನು ಚೈತನ್ಯಣ್ಣನಿಗೆ ರಾಖಿ ಕಟ್ಟಿದ ಫೋಟೋ ಹುಡುಕಿ ತೋರಿಸಿದರು. ಸರ್ ನನ್ನ ಕಡೆ ತಿರುಗಿ, "ಮನೆ ಮಗಳು ಅಂತ ನಂಬಿದ್ದೆ, ಕಳ್ಳಿ ಅಂತ ಗೊತ್ತಿರಲಿಲ್ಲ" ಅಂದರು. ಎಲ್ಲರೂ ಕೇಳಿದರು ಅಜ್ಜಿ. ಕಸ ಗುಡಿಸೋ ಅಮ್ಮ ಕೂಡ ಬಾಗಿಲಲ್ಲಿ ನಿಂತಿದ್ದರು.

ಆವತ್ತಿಂದ ಪಿ.ಜಿ.ಯಲ್ಲೇ ಇದೀನಿ. ನವೆಂಬರ್ ಮುಗಿಯೋದ್ರೊಳಗೆ ನಾನು ಕೊಟ್ಟಿಲ್ಲ ಅಂತ ತೋರಿಸಬೇಕು, ಇಲ್ಲಾಂದ್ರೆ ಕೊಟ್ಟಿದ್ದು ನಿಜ ಅಂತ ಬರೆದುಕೊಟ್ಟು ಹೋಗಬೇಕು. ಅದನ್ನ ಬರೆದುಕೊಟ್ಟರೆ ಇನ್ನೆಲ್ಲೂ ಕೆಲಸ ಸಿಗಲ್ಲ. ಕೆಲಸ ಹೋದರೆ ಹೋಗಲಿ, ಆ ಹೆಸರು ಹೊತ್ಕೊಂಡು ಹೋಗೋದು ನನ್ನ ಕೈಲಾಗಲ್ಲ.

ಅಣ್ಣ ಫೋನ್ ಎತ್ತಲ್ಲ. ಅವನು ಎಲ್ಲಿಂದ ತಂದ ಅಂತ ತಲೆ ಕೆಟ್ಟು ಕೂತಿದ್ದೆ. ನಿನ್ನ ಕಾಗದ ನಾಲ್ಕು ಸಲ ಓದಿದೆ. "ನೀನೇ ಬರೆದಿದ್ಯಲ್ಲಜ್ಜಿ" ಅಂದನಂತೆ. ಅವನಿಗೂ ಬರೆದಿದ್ಯಾ?

ಭೂಮಿಕಾ


ಚೇಳೂರು
18-11-2024, ಸೋಮವಾರ

ಚೈತನ್ಯ,

ಕಾಪಿ ಕುಡೀದೆ ಹೋದದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಿನಗೆ ಆವತ್ತೇ ಗೊತ್ತಿತ್ತು, ಭೂಮಿಕಾ ಕಳ್ಳಿ ಅನ್ನಿಸಿಕೊಂಡು ಕೂತಿದ್ದಾಳೆ ಅಂತ.

ನಾನು ಕಿವುಡಿ, ಓದಿಲ್ಲದೋಳು, ನನಗೆ ನಿಮ್ಮ ಕಂಪನಿ ಜಗಳ ತಿಳೀಲಿಲ್ಲ. ಎರಡು ತಟ್ಟೆಗೂ ಒಂದೇ ಸಾರು ಬಡಿಸಿದೆ ಅಂತ ಹೆಮ್ಮೆ ಪಟ್ಟೆ. ನೀನು ತಿಳಿದೋನು. "ಭೂಮಿಗೆ ಹೇಳಬೇಡ" ಅಂತ ಬರೆಯುವಾಗಲೇ ನಿನಗೆ ತಿಳಿದಿತ್ತು.

ಇವತ್ತೇ ಹೋಗಿ, "ನನಗೆ ಕೊಟ್ಟದ್ದು ನಮ್ಮಜ್ಜಿ, ನನ್ನ ತಂಗಿ ಅಲ್ಲ" ಅಂತ ಒಂದು ಮಾತು ಹೇಳು. ಅವಳ ಕಂಪನಿಗೂ ಹೇಳು, ನಿನ್ನ ಕಂಪನಿಗೂ ಹೇಳು. ಐದು ನಿಮಿಷದ ಕೆಲಸ. ಹೇಳದಿದ್ರೆ ಯಾಕೆ ಅಂತ ಬರಿ. ಬಸ್ಸು ಸಿಗಲಿಲ್ಲ ಅಂತ ಬರೀಬೇಡ.

ಚಿಕ್ಕಗಂಗಮ್ಮ


ಕುಣಿಗಲ್
23-11-2024

ಅಜ್ಜಿಗೆ ನಮಸ್ಕಾರ.

ಬೈದಿದ್ದು ಸರಿ. ನಾನು ಆಫೀಸಲ್ಲಿ ಹೇಳಿದ್ದು ಏನಂದರೆ, ಮೂರು ತಿಂಗಳು ಊರೂರು ಸುತ್ತಿ, ಮುದುಕರನ್ನ ಕಂಡು ಈ ಆಟ ಹುಡುಕಿದೆ ಅಂತ. ಅದಕ್ಕೇ ನನ್ನ ಟೀಮ್ ಲೀಡರ್ ಮಾಡಿದರು. ಅಪ್ಪ ಬೀದಿಗೆಲ್ಲ ಸಿಹಿ ಹಂಚಿದರು. ಈಗ ಅಜ್ಜಿ ಬರೆದ ಕಾಗದದಿಂದ ಇಳಿಸಿದೆ, ಅದೂ ತಪ್ಪಾಗಿ ಓದಿ ಇಳಿಸಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಭೂಮಿ ಜಾಣೆ, ಬೇರೆ ಕಡೆ ಕೆಲಸ ಸಿಗುತ್ತೆ. ಸ್ವಲ್ಪ ದಿನ ಹೋದರೆ ಎಲ್ಲರೂ ಮರೀತಾರೆ.

ಕ್ಷಮಿಸು ಅಂತ ಕೇಳೋಕೂ ನಾಚಿಕೆ.

ಚೈತನ್ಯ


ಚೇಳೂರು
25-11-2024, ಸೋಮವಾರ

ಬುಗುರಿ ಕಂಪನಿಯ ಮಾಲೀಕರಾದ ಶ್ರೀ ಹಂಜನ್‌ಕುಮಾರ್ ಅವರಿಗೆ,

ಚೇಳೂರಿನ ಚಿಕ್ಕಗಂಗಮ್ಮ ಬರೆಯೋದು. ನಿಮ್ಮ ಮೇಕೆಗಳ ತಾಯಿ ನಾನೇ.

ಸ್ವಾಮಿ, ನಿಮ್ಮ ಹೆಸರಿಗೆ ಒಂದು "ಹ" ಜಾಸ್ತಿ ಬಿದ್ದಿದ್ರೆ ಇರಲಿ ಬಿಡಿ. ಬಿಟ್ಟೋಗಬಾರದು ಅಂತ ಈ ಸಲ ಹುಷಾರಾಗಿ ಎಲ್ಲಾ ಕಡೆ ಹಾಕ್ತಾ ಇದ್ದೀನಿ. ಬೇರೆ ಎಷ್ಟೋ ಕಡೆ ಬಿಟ್ಟಿದ್ದೀನಿ, ಅದಕ್ಕೂ ಇದಕ್ಕೂ ಸರಿಹೋಗ್ತದೆ. ಅಂಗೆ ಬಿಟ್ಟದ್ದರಿಂದಲೇ ನನ್ನ ಮೊಮ್ಮಗಳು ಕಳ್ಳಿ ಅನ್ನಿಸಿಕೊಂಡಳು.

ನಾನು ಬರೆದದ್ದು ಹಾಡು. ಬಾಯಲ್ಲಿ ಹೇಳೋ ಹಾಡು. ನನ್ನ ಕೈಯಲ್ಲಿ ಅದು ಆಡು ಆಯ್ತು. ನೀವು ಓದಿದೋರು, ಆಡು ಅಂದ್ರೆ ಮೇಕೆ ಅಂತ ತಿಳ್ಕೊಂಡ್ರಿ, ಅದಕ್ಕೆ ಕೊಂಬು ಇಟ್ರಿ, ಬಾಲ ಇಟ್ರಿ. ನಮ್ಮವ್ವ ಕಲಿಸಿದ ಗಿಡ್ಡ ಹಾಡು ಇದು, ಇದರಲ್ಲಿ ಮೇಕೆ ಎಲ್ಲಾದರೂ ಐತಾ ನೋಡಿ:

ಕೆರೆ ಏರಿ ಹತ್ತಿ ಬಂದೆ, ಕಾಲು ತೊಳೆದೆಯಾ ಹುಲಿಯಣ್ಣ
ತೊಳೆಯೋ ನೀರಲಿ ಮೂತಿ ಕಂಡು ಹೆದರಿದೆಯಾ ಹುಲಿಯಣ್ಣ

ಈಗ ಕೇಳಿ. ನನಗೆ ಇನ್ನೊಬ್ಬ ಮೊಮ್ಮಗ ಇದ್ದಾನೆ, ಕುಣಿಗಲ್ಲಲ್ಲಿ, ಆ ಗಿಲ್ಲಿ ಕಂಪನೀಲಿ. ಅವನು ಕೇಳಿದ, ಅವನಿಗೂ ಬರೆದೆ. ಅವನಿಗೂ "ಹ" ಬಿಟ್ಟೆ. ಅವನೂ ಮೇಕೆ ಅಂದ್ಕೊಂಡ. ಎರಡು ಡಬ್ಬೀಲೂ ಒಂದೇ ತಪ್ಪು ಯಾಕೆ ಐತೆ ಅಂದ್ರೆ ಅಜ್ಜಿ ಒಬ್ಬಳೇ ಅದಕ್ಕೆ. ನೀವು ತಪ್ಪು ಒಂದೇ ಥರ ಐತೆ, ಆದ್ದರಿಂದ ಕದ್ದದ್ದು ಅಂತೀರಿ. ನಮ್ಮೂರಲ್ಲಿ ಎರಡು ಮಕ್ಕಳ ಮೂಗು ಒಂದೇ ಥರ ಇದ್ರೆ ಒಬ್ಬರ ಮೂಗು ಇನ್ನೊಬ್ಬರು ಕದ್ದರು ಅನ್ನಲ್ಲ, ಅಜ್ಜಿ ಮೂಗು ಅಂತಾರೆ.

ನಂಬಿಕೆ ಇಲ್ಲದಿದ್ರೆ, ಇಬ್ಬರಿಗೂ ನೋಡ್ಕೊಂಡು ಬರೆದ ಚಿತ್ತು ಕಾಗದ ಇದರ ಜೊತೆ ಇಟ್ಟಿದ್ದೀನಿ. ಸಾರಿನ ಕಲೆ ಐತೆ, ಒರೆಸಬೇಡಿ, ಅಕ್ಷರ ಹೋಗ್ತದೆ.

ಆ ಹುಡುಗಿ ನಿಮ್ಮ ಗುಟ್ಟು ಬಿಟ್ಟಿಲ್ಲ. ತನ್ನ ಅಣ್ಣನ ಹತ್ತಿರವೇ ಬಾಯಿ ಕಟ್ಕೊಂಡು ಕೂತಿದ್ದಳು. ಬಿಟ್ಟೋಳು ನಾನು. ನಾನು ಯಾರಿಗೂ ಸೈನು ಹಾಕಿರಲಿಲ್ಲ. ಬೆಳ್ಳಾವೀಲಿ ನಮ್ಮವ್ವಂಗೆ ಅವಳ ಅತ್ತೆ ಹೇಳಿಕೊಟ್ಟಳಂತೆ, ಆ ಅತ್ತೆಗೆ ಯಾರೋ. ಅವರ್ಯಾರೂ ಸೈನು ಹಾಕಿಸಿಕೊಳ್ಳಲಿಲ್ಲ. ಕೇಳಿದೋರಿಗೆ ಕೊಟ್ಟರು.

ಕಳ್ಳಿ ಬೇಕು ಅಂದ್ರೆ ನನ್ನ ಹೆಸರು ಬರ್ಕೊಳ್ಳಿ. ಗುಬ್ಬಿ ತಾಲೂಕು, ಚೇಳೂರು, ಪೋಸ್ಟಿನ ಮೂಡಲಗಿರಿಯಪ್ಪನ್ನ ಕೇಳಿದರೆ ಮನೆ ತೋರಿಸ್ತಾನೆ.

ಚಿಕ್ಕಗಂಗಮ್ಮ
(ಇದನ್ನ ಅನಂತರಾಜು ಕೈಲಿ ತಿದ್ದಿಸಿಲ್ಲ, ತಿದ್ದಿದ್ರೆ ನಿಮಗೆ ನಂಬಿಕೆ ಬರ್ತಿರಲಿಲ್ಲ)


ತುಮಕೂರು
4-12-2024

ಅಜ್ಜಿ,

ಸರ್ ನಿನ್ನೆ ಕರೆಸಿದ್ದರು. ಅವರ ರೂಮಿನ ಬಾಗಿಲು ಹಾಕಿಕೊಂಡು ನಿನ್ನ ಕಾಗದ ಮುಂದಿಟ್ಟರು. ಆಮೇಲೆ, "ನಿಮ್ಮಜ್ಜಿ ನನ್ನ ಹೆಸರನ್ನೇ ಬದಲಾಯಿಸಿಬಿಟ್ಟರು" ಅಂತ ನಕ್ಕು, "ಸೋಮವಾರದಿಂದ ಬಾಮ್ಮ, ಆದದ್ದು ಆಯ್ತು, ಇದನ್ನ ದೊಡ್ಡದು ಮಾಡೋದು ಬೇಡ" ಅಂದರು.

ಹಾಡು ಹಾಕೋಣ ಸರ್ ಅಂದೆ. ಬೇಡವಂತೆ. ಮಕ್ಕಳಿಗೆ ಉದ್ದನೆ ಆಡು ಅಂದರೆ ಪ್ರಾಣವಂತೆ, ಅದರ ಗೊಂಬೆ ಬೇಕು ಅಂತ ಅಂಗಡಿಯವರು ಕೇಳ್ತಿದಾರಂತೆ. ಗಿಲ್ಲಿಯವರೂ ತೆಗೆಯಲ್ಲವಂತೆ.

ಕೆಲಸ ಉಳೀತು ಅಜ್ಜಿ. ನಿನ್ನ ಕಾಲಿಗೆ ಬೀಳಬೇಕು. ಆದರೆ ಯಾಕೋ ಖುಷಿಯಾಗ್ತಿಲ್ಲ.

ಭೂಮಿಕಾ


ಚೇಳೂರು
6-12-2024, ಶುಕ್ರವಾರ

ಮಗಾ,

ಇದನ್ನ ಬೆಳಗಿನ ಬಸ್ಸಲ್ಲಿ ನಿಮ್ಮಪ್ಪನ ಕೈಲೇ ಕಳಿಸ್ತಿದ್ದೀನಿ, ಸೋಮವಾರದೊಳಗೆ ನಿನಗೆ ಮುಟ್ಟಬೇಕು.

ಖುಷಿ ಯಾಕಾಗ್ತಿಲ್ಲ ಅಂತ ನಿನಗೂ ಗೊತ್ತು. ಕಳ್ಳಿ ಅಂದದ್ದು ಮೂವತ್ತು ಜನದ ಮುಂದೆ, ಅಲ್ಲ ಅಂದದ್ದು ಬಾಗಿಲು ಹಾಕ್ಕೊಂಡು. ಬೀದೀಲಿ ಉಗುಳಿದೋರು ಕೋಣೆ ಒಳಗೆ ಒರೆಸಿದರೆ ಬೀದಿಯೋರಿಗೆ ಕಾಣೋದು ಉಗುಳೇ.

ಸೋಮವಾರ ಹೋಗು. ಜಗಳ ಆಡಬೇಡ, ಅಳಬೇಡ. ನಿನ್ನ ಕುರ್ಚಿ ಪಕ್ಕ ನಿಂತ್ಕೋ. ಯಾಕೆ ನಿಂತಿದ್ದೀಯ ಅಂದ್ರೆ, "ಸರ್ ಹೇಳೋವರೆಗೂ ನಿಂತಿರ್ತೀನಿ" ಅನ್ನು, ಅಷ್ಟೇ. ಏನು ಹೇಳಬೇಕು ಅಂತ ಅವರಿಗೆ ಗೊತ್ತು. ಹೇಳಲ್ಲ ಅಂದ್ರೆ ಸಂಜೆ ಬಸ್ಸಿಗೆ ಮನೆಗೆ ಬಾ, ರೊಟ್ಟಿ ತಟ್ಟಿಕೊಂಡಿರೋಣ. ಬರೆದು ಮಾತ್ರ ಕೊಡಬೇಡ.

ಅಜ್ಜಿ


ತುಮಕೂರು
10-12-2024

ಅಜ್ಜಿ,

ನಿಂತೆ. ಒಂಬತ್ತು ಗಂಟೆಗೆ ನಿಂತೆ. ಮೊದಲು ಯಾರೂ ನನ್ನ ಕಡೆ ನೋಡಲಿಲ್ಲ. ಒಂಬತ್ತೂವರೆಗೆ ಪಕ್ಕದ ಸೀಟಿನವಳು "ಕೂತ್ಕೊಳ್ಳೇ, ಎಲ್ಲರೂ ನೋಡ್ತಿದಾರೆ" ಅಂತ ಕೈ ಎಳೆದಳು. ಕೂರಲಿಲ್ಲ. ಹತ್ತಕ್ಕೆ ಕಸ ಗುಡಿಸೋ ಅಮ್ಮ ಪೊರಕೆ ಗೋಡೆಗೆ ಒರಗಿಸಿ ನನ್ನ ಪಕ್ಕ ಬಂದು ಸುಮ್ಮನೆ ನಿಂತರು. ಅವರ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಸರ್ ರೂಮಿಂದ ಎರಡು ಸಲ ಆಚೆ ಬಂದು ಒಳಗೆ ಹೋದರು. ಮೂರನೇ ಸಲ ನಿನ್ನ ಕಾಗದ ಹಿಡಿದುಕೊಂಡು ಬಂದರು. ಪೂರ್ತಿ ಓದಿದರು, ಹಂಜನ್‌ಕುಮಾರ್ ಅನ್ನೋದನ್ನೂ ಸೇರಿಸಿ. ಯಾರೂ ನಗಲಿಲ್ಲ. ಮೂಗಿನ ಮಾತು ಬಂದಾಗ ಮಾತ್ರ ಒಬ್ಬರು ನಕ್ಕರು. ಕೊನೆಗೆ, "ಭೂಮಿಕಾ ಏನೂ ಕೊಟ್ಟಿಲ್ಲ. ನಾನು ಆಡಿದ ಮಾತು ತಪ್ಪು" ಅಂದರು.

ಕೂತೆ. ಕಂಪ್ಯೂಟರ್ ಆನ್ ಮಾಡಿದೆ.

ಅಣ್ಣನ ವಿಷಯ ನೀನು ಏನೂ ಬರೆದಿಲ್ಲ. ನಾನೂ ಕೇಳಲ್ಲ.

ಭೂಮಿಕಾ


ಚೇಳೂರು
5-1-2025, ಭಾನುವಾರ

ಮಗಾ ಭೂಮಿಕಾ,

ಕೇಳಲ್ಲ ಅಂದಿದ್ದೀಯ, ಅದಕ್ಕೇ ಹೇಳಬೇಕು.

ಮೊದಲು ನನ್ನದು. ನಿಮ್ಮ ಸಾಹೇಬರಿಗೆ ಬರೆಯುವಾಗ ಒಂದು ಮಾತು ಬಿಟ್ಟೆ. ಚೈತನ್ಯ ಆಟ ಕೇಳುವಾಗಲೇ "ಭೂಮಿಗೆ ಹೇಳಬೇಡ" ಅಂತ ಬರೆದಿದ್ದ. ನಾನು ಒಪ್ಕೊಂಡೆ. ಇದನ್ನ "ಹ" ಬಿಟ್ಟಂಗೆ ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಬಿಟ್ಟದ್ದು. ಅವನ ಅನ್ನಕ್ಕೆ ಕಲ್ಲು ಬೀಳದಿರಲಿ ಅಂತ. ನಿನ್ನ ಹೆಸರು ತೊಳೆಯೋಕೆ ಕೂತೋಳು ಅವನ ತಪ್ಪು ಮುಚ್ಚಿದೆ. ನಿನಗೆ ಇದು ಗೊತ್ತಿರಬೇಕು. ಬೈಯೋದಾದ್ರೆ ಬೈ.

ಅವನು ಹೋದ ಭಾನುವಾರ ಬಂದಿದ್ದ. ತಾನೇ ಹೋಗಿ ಅವನ ಕಂಪನೀಲಿ ಎಲ್ಲಾ ಹೇಳಿದನಂತೆ. ಊರೂರು ಸುತ್ತಿಲ್ಲ, ಅಜ್ಜಿ ಕಾಗದದಿಂದ ಇಳಿಸಿದೆ ಅಂತ. ಲೀಡರ್ ಪದವಿ ಹೋಯ್ತು, ಕೆಲಸ ಐತೆ. ನಿಮ್ಮ ದೊಡ್ಡಪ್ಪ ನಾಗೇಶ ಅವನ ಜೊತೆ ಮಾತು ಬಿಟ್ಟಿದ್ದಾನೆ. ನೀನು ಕುರ್ಚಿ ಪಕ್ಕ ನಿಂತ ಸುದ್ದಿ ಕುಣಿಗಲ್ಲಿಗೂ ಹೋಗಿತ್ತಂತೆ, ಆ ಕಂಪನಿ ಸುದ್ದಿ ಈ ಕಂಪನಿಗೆ ತಲುಪೋದಕ್ಕೆ ಹೊತ್ತು ಬೇಕಾ? ಅದನ್ನ ಕೇಳಿದ ಮೇಲೆ ಕೂರೋಕಾಗಲಿಲ್ಲ ಅಂದ. ನಾನು ಹೊಗಳಲಿಲ್ಲ. ನವೆಂಬರಲ್ಲಿ ಹೇಳಬೇಕಾದ್ದನ್ನ ಜನವರಿ ಹೊಸ್ತಿಲಲ್ಲಿ ಹೇಳಿದೋನಿಗೆ ಏನು ಹೊಗಳೋದು? ತಟ್ಟೆಗೆ ಅನ್ನ ಹಾಕಿದೆ. ಉಂಡ.

ಎದ್ದು ಹೋಗುವಾಗ, "ಭೂಮಿ ನನ್ನ ಜೊತೆ ಮಾತಾಡ್ತಾಳಾ ಅಜ್ಜಿ?" ಅಂದ. "ಅವಳ ಮಾತು ನನ್ನ ಸೆರಗಲ್ಲಿ ಕಟ್ಟಿಟ್ಟಿಲ್ಲ, ಅವಳನ್ನೇ ಕೇಳು" ಅಂದೆ. ನನ್ನ ಹತ್ರ ಇದ್ದ ನಿನ್ನ ಕಂಪನಿ ವಿಳಾಸ ತೋರಿಸಿದೆ. ಒಂದು ಚೀಟೀಲಿ ಬರ್ಕೊಂಡ.

ಬರೋ ಶನಿವಾರ ಸಂಜೆ ನಿಮ್ಮ ಶಿಫ್ಟು ಬಿಡೋ ಹೊತ್ತಿಗೆ ಅಂತರಸನಹಳ್ಳಿಯಲ್ಲಿ ನಿಮ್ಮ ಕಂಪನಿ ದೊಡ್ಡ ಗೇಟಿನ ಆಚೆ ನಿಂತಿರ್ತಾನೆ. ನಿಮ್ಮೋರು ಅವನನ್ನ ಒಳಗೆ ಬಿಡಲ್ಲ ಅಂತ ಅವನಿಗೂ ಗೊತ್ತು. ಎಲ್ಲರೂ ನೋಡಲಿ, ನಿಂತಿರ್ತೀನಿ ಅಂದ.

ನಾನು ನಿನಗೆ ಕ್ಷಮಿಸು ಅಂತಲೂ ಹೇಳಲ್ಲ, ಕ್ಷಮಿಸಬೇಡ ಅಂತಲೂ ಹೇಳಲ್ಲ. ಅವನು ಎಲ್ಲಿರ್ತಾನೆ ಅಂತ ನಿನಗೆ ಗೊತ್ತಿರಲಿ ಅಂತ ಬರೆದೆ. ನಿಮ್ಮ ಕಂಪನಿಗೆ ಹಿಂದಗಡೆ ಇನ್ನೊಂದು ಗೇಟು ಐತೋ ಇಲ್ವೋ ನನಗೆ ತಿಳೀದು. ಇದ್ದರೆ, ಅದರಿಂದ ಹೋದರೂ ನೀನು ನನ್ನ ಮೊಮ್ಮಗಳೇ.

ಅಜ್ಜಿ